ಗುಳ್ಳೆಯೊಳಗಿನ ನೀರು

ಕಪಿಲಾ ಹೊಳೆಯ ದಡದಲ್ಲಿ ನಿರ್ವಾಣಸ್ವಾಮಿಗಳ ಆಶ್ರಮ. ಅಲ್ಲಿ ಷಡಕ್ಷರಿ ಅಂತ ಒಬ್ಬ ಶಿಷ್ಯ. ಓದಿನಲ್ಲಿ ಚುರುಕು, ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಅನುಮಾನ ಮಾತ್ರ ಅವನಿಗೆ ಹುಟ್ಟುಗುಣ. ಯಾರಾದರೂ ನಕ್ಕರೆ ಯಾಕೆ ನಕ್ಕರು ಅಂತ ಯೋಚಿಸುವವನು. ನಗದಿದ್ದರೆ ಇನ್ನೂ ಹೆಚ್ಚು ಯೋಚಿಸುವವನು.

ಯಾತ್ರಿಕರು ತಂಗಲು ಪ್ಲೈವುಡ್ ಹಲಗೆಯ ಗೋಡೆಯ ಒಂದು ಕೋಣೆ ಆಗಬೇಕಿತ್ತು. ಗುರುಗಳು ಆ ಕೆಲಸವನ್ನು ಷಡಕ್ಷರಿಗೆ ವಹಿಸಿ, ಜೊತೆಗೆ ಮಲ್ಲೇದೇವನನ್ನು ಕೊಟ್ಟರು. ಮಲ್ಲೇದೇವ ಹೊಸ ಶಿಷ್ಯ. ಹಿಂದೆ ಮುಂದೆ ಯಾರೂ ಇಲ್ಲ, ಆಶ್ರಮ ಬಿಟ್ಟರೆ ಅವನಿಗೆ ಬೇರೆ ನೆಲೆಯಿರಲಿಲ್ಲ.

ಹಲಗೆಗಳು ಬರುವಾಗ ದಾರಿಯಲ್ಲಿ ಮಳೆಗೆ ಸಿಕ್ಕಿ ತೊಯ್ದವು. ಅಂಗಳದಲ್ಲಿ ಬಿಸಿಲಿಗೆ ಹರಡೋಣ ಅಂದ ಮಲ್ಲೇದೇವ. ಇವನಿಗ್ಯಾಕೆ ಇಷ್ಟು ಆತುರ, ಒಳ್ಳೇ ಹಲಗೆ ಸಾಗಿಸಿ ಕಳಪೆ ತಂದಿಟ್ಟರೆ ಅಂತ ಷಡಕ್ಷರಿಗೆ ಗುಮಾನಿ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಬಣ್ಣ ಬಳಿಯುವ ದಿನ ಹಲಗೆಯ ಮೇಲ್ಮೈ ಒರೆಸಿದರಾಯಿತು ಅಂದುಕೊಂಡಿದ್ದ ಮಹಾನುಭಾವ.

ಬಣ್ಣ ಆರಿಸುವಾಗಲೂ ಅದೇ ಕಥೆ. ಅಂಗಡಿಯವರೊಬ್ಬರು ಹಲಗೆ ಚೆನ್ನಾಗಿ ಒಣಗಿದೆಯಾ ಅಂತ ಕೇಳಿದರು. ಮಾತು ತಿರುಗಿಸುತ್ತಿದ್ದಾರೆ ಅಂತ ಷಡಕ್ಷರಿ ಅಲ್ಲಿಂದ ಎದ್ದು ಬಂದ. ಇನ್ನೊಬ್ಬರು, ಹೊರಗಿನ ಹಲಗೆಗೆ ಒಳಗಿನ ತೇವ ಹೊರಬಿಡುವ, ಉಸಿರಾಡುವ ಬಣ್ಣ ಒಳ್ಳೇದು ಅಂದರು. ಬಣ್ಣ ಉಸಿರಾಡುತ್ತದಂತೆ, ನನ್ನ ಕಿವಿಗೇ ಹೂ ಇಡುತ್ತಾರೆ ಅಂತ ಇವನಿಗೆ ಉರಿದುಹೋಯಿತು. ಕೊನೆಗೆ ತೊಟ್ಟು ನೀರೂ ದಾಟಲಾರದ ದಪ್ಪ ಎಣ್ಣೆ ಬಣ್ಣ ತಾನೇ ಆರಿಸಿದ. ಅದನ್ನು ಹೊತ್ತು ತಂದವನು ಮಲ್ಲೇದೇವ.

ಹಲಗೆಗಳ ಎರಡೂ ಮುಖಕ್ಕೆ, ಅಂಚಿಗೂ ಬಿಡದೆ ಬಳಿದರು. ಗೋಡೆ ಎದ್ದು ನಿಂತಿತು.

ಬಿಸಿಲು ಏರಿದ್ದೇ ತಡ, ಗೋಡೆಯ ತುಂಬ ಗುಳ್ಳೆ.

ಷಡಕ್ಷರಿ ನೇರ ಗುರುಗಳ ಮುಂದೆ ಹೋಗಿ ನಿಂತ.

"ಬುದ್ಧೀ, ಮಲ್ಲೇದೇವ ದಾರೀಲಿ ಬಣ್ಣಕ್ಕೆ ನೀರು ಬೆರೆಸಿದ್ದಾನೆ. ಅವನನ್ನ ಕಳಿಸಿಬಿಡಿ. ಇಲ್ಲಾ, ನಾನೇ ಹೋಗ್ತೀನಿ."

ಮಲ್ಲೇದೇವನ ಮುಖ ಬಿಳಿಚಿಕೊಂಡಿತ್ತು. ತಪ್ಪು ಮಾಡದವನು ಹೀಗೆ ಹೆದರುತ್ತಾನಾ ಅಂದುಕೊಂಡ ಷಡಕ್ಷರಿ.

ಗುರುಗಳು ಗೋಡೆಯ ಹತ್ತಿರ ಬಂದು, ಬೇಲಿಯ ಮುಳ್ಳೊಂದನ್ನು ಕಿತ್ತು ಗುಳ್ಳೆಗೆ ಚುಚ್ಚಿದರು. ನೀರು ಸೋರಿತು.

"ನೋಡಿ ಬುದ್ಧೀ, ನೀರು," ಅಂದ ಷಡಕ್ಷರಿ.

ಗುರುಗಳು ಉಳಿದಿದ್ದ ಬಣ್ಣದ ಡಬ್ಬ ತರಿಸಿದರು. ಅದಕ್ಕೆ ಒಂದು ಬೊಗಸೆ ಹೊಳೆಯ ನೀರು ಹಾಕಿ ಕಡ್ಡಿಯಿಂದ ಕಲಕಿದರು. ಬಣ್ಣ ಒಡೆದ ಹಾಲಿನ ಹಾಗಾಯಿತು.

"ಇದನ್ನ ಬಳಿಯೋಕಾಗತ್ತಾ?"

"ಇಲ್ಲ ಬುದ್ಧಿ."

"ನೀನು ಬಳಿದದ್ದು ಹೀಗಿತ್ತಾ?"

"ಇಲ್ಲ."

"ಹಾಗಾದ್ರೆ ಗುಳ್ಳೇಲಿ ಇರೋ ನೀರು ಯಾವುದು?"

ಷಡಕ್ಷರಿ ಹೊಳೆಯ ಕಡೆ ನೋಡಿದ, ಸೂರಿನ ಕಡೆ ನೋಡಿದ. ಇನ್ನು ಯಾರ ಮೇಲೆ ಹೇಳಲಿ ಅಂತ ಹುಡುಕಿದ. ಆಮೇಲೆ ಟಾರ್ಪಾಲು ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಲಗೆ ಒಳಗೇ ಇತ್ತು, ಬುದ್ಧಿ. ಒಣಗೋಕೆ ನಾನೇ ಬಿಡಲಿಲ್ಲ."

ಮಲ್ಲೇದೇವನ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಹೋಗಬೇಕಾದವನು ನಾನೇ ಅಂತ ಮೆಲ್ಲಗೆ ಹೇಳಿದ.

"ಹೋಗುವಿಯಂತೆ," ಅಂದರು ಗುರುಗಳು. "ಮೊದ್ಲು ಈ ಬಣ್ಣ ಪೂರ್ತಿ ಕೆರೆದು, ಹಲಗೆ ಬಿಚ್ಚಿ ಅಂಗಳಕ್ಕೆ ಹಾಕು. ಕಾವಲು ಬೇಡ. ಒಣಗಿದ ಮೇಲೆ ಪೇಟೆಗೆ ಹೋಗು."

"ಯಾವ ಬಣ್ಣ ತರಲಿ, ಬುದ್ಧಿ?"

"ಅದನ್ನ ಮಲ್ಲೇದೇವ ಆರಿಸ್ತಾನೆ. ನೀನು ಡಬ್ಬ ಹೊತ್ಕೊಂಡು ಬಾ. ದಾರೀಲಿ ಮುಚ್ಚಳ ತೆಗೆದು ನೋಡಬೇಡ."