ಬೀಳ್ಕೊಡುಗೆ ಮುಗಿದ ಬಾತುಗಳು

ಮಕ್ಕಳೇ, ಕಲ್ಲುಗುಡಿ ಕೆರೆಯಲ್ಲಿ ಒಂದು ಬೆಳಿಗ್ಗೆ ಬಹಳ ಗಂಭೀರವಾದ ಘಟನೆ ನಡೆಯಿತು. ತಿಪ್ಪಣ್ಣ ಎಂಬ ಬಾತು ಸ್ನಾನಕ್ಕೆ ಬರಲಿಲ್ಲ.

ಕೆರೆಗೆ ಕೆರೆಯೇ ಬೆಚ್ಚಿಬಿತ್ತು. ತಿಪ್ಪಣ್ಣನಿಗೆ ನೆಗಡಿಯಾಗಿದೆ ಎಂದು ಕಪ್ಪೆಗಳು ಹೇಳಿದವು. ಗಂಡ ಹೆಂಡಿರಿಗೆ ಜಗಳವಾಗಿದೆ ಎಂದು ಏಡಿಗಳು ಹೇಳಿದವು. ಮೀನುಗಳು ಏನನ್ನೂ ಹೇಳಲಿಲ್ಲ. ಬಾತು ನೀರಿಗೆ ಇಳಿಯದಿದ್ದರೆ ಅವಕ್ಕೆ ನಷ್ಟವಿಲ್ಲ.

ನಿಜವಾಗಿ ತಿಪ್ಪಣ್ಣ ಜೊಂಡಿನ ನಡುವಿನ ಗೂಡಿನಲ್ಲಿ ಹೆಂಡತಿ ಗೌರಕ್ಕನ ಜೊತೆ ಮಾತಿಗೆ ಕುಳಿತಿದ್ದ. ಬೆಟ್ಟಸಾಲಿನ ಆಚೆ, ಪರದೇಶದಲ್ಲಿ, ಸಮುದ್ರದಂಥ ಒಂದು ಸರೋವರವಿದೆಯೆಂದು ಚಳಿಗಾಲದಲ್ಲಿ ಬಂದ ಹೆಬ್ಬಾತೊಂದು ಹೇಳಿ ಹೋಗಿತ್ತು.

"ಅಲ್ಲಿ ಮಕ್ಕಳಿಗೆ ಭವಿಷ್ಯ ಇದೆಯಂತೆ" ಎಂದ ತಿಪ್ಪಣ್ಣ.

ನಾಲ್ಕು ಮರಿಗಳಲ್ಲಿ ಕಿರಿಯವನು ಚಿಟ್ಟು. ಅವನು ಕೇಳಿದ: "ಭವಿಷ್ಯ ಅಂದ್ರೆ ಏನಪ್ಪಾ?"

"ಇಲ್ಲಿ ಇಲ್ಲದ್ದು."

"ಮೊಸಳೆನಾ?"

"ನೀನು ಸುಮ್ನಿರು."

ಗೌರಕ್ಕ ಚಿಟ್ಟುವಿನ ರೆಕ್ಕೆಯನ್ನು ಕೊಕ್ಕಿನಿಂದ ಬಿಡಿಸಿ ನೋಡಿದಳು. ಅವನದು ಎಲ್ಲರಿಗಿಂತ ತಡವಾಗಿ ಒಡೆದ ಮೊಟ್ಟೆ. ಉಳಿದ ಮೂವರು ಆಗಲೇ ಕೆರೆಯ ಮೇಲೆ ಹಾರಿ ಸುತ್ತು ಹೊಡೆಯುತ್ತಿದ್ದರು. ಇವನ ಗರಿಗಳು ಇನ್ನೂ ಕಡ್ಡಿಯ ಹಾಗೆ ಇದ್ದವು.

"ಹೋಗೋಣ. ಆದರೆ ಇವನ ಗರಿ ಬಿಚ್ಚಿಕೊಂಡ ಮೇಲೆ" ಎಂದಳು.

"ಆಗಲಿ" ಎಂದ ತಿಪ್ಪಣ್ಣ.

ಇದು ಒಳ್ಳೆಯ ತೀರ್ಮಾನ. ಇಲ್ಲಿಗೇ ನಿಂತಿದ್ದರೆ ಈ ಕತೆಗೆ ನೀತಿಯ ಅಗತ್ಯ ಬೀಳುತ್ತಿರಲಿಲ್ಲ.

ಆದರೆ ಸ್ನಾನ ಯಾಕೆ ತಪ್ಪಿತೆಂದು ಪಕ್ಕದ ಗೂಡಿನ ನೀರುಕೋಳಿ ಸಾಕವ್ವ ವಿಚಾರಿಸಿಕೊಳ್ಳಲು ಬಂದಳು. ತಿಪ್ಪಣ್ಣ ಎದೆ ಉಬ್ಬಿಸಿ ಹೇಳಿದ: "ನಾವು ಪರದೇಶಕ್ಕೆ ಹೋಗ್ತಿದ್ದೀವಿ, ಸಾಕವ್ವ. ಮಕ್ಕಳ ಸಲುವಾಗಿ. ನಿನ್ನ ಹೊಟ್ಟೆಯಲ್ಲೇ ಇರಲಿ."

ಸಾಕವ್ವನ ಹೊಟ್ಟೆ ಬಹಳ ಚಿಕ್ಕದು. ಮಧ್ಯಾಹ್ನದೊಳಗೆ ಸುದ್ದಿ ಕೆರೆಯ ಕೋಡಿಯನ್ನು ದಾಟಿತ್ತು.

ಮರುದಿನದಿಂದ ಬೀಳ್ಕೊಡುಗೆ ಶುರುವಾಯಿತು. ಹೊರಟವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಕಲ್ಲುಗುಡಿ ಕೆರೆಯಲ್ಲಿಲ್ಲ. ಮೊದಲು ಕೊಕ್ಕರೆ ಮನೆಯ ಊಟ, ಆಮೇಲೆ ಏಡಿಗಳ ಮನೆಯದು. ಆಮೆಗಳ ಮನೆಯಲ್ಲಿ ಅಡುಗೆ ನಿಧಾನವಾದರೂ ರುಚಿಯಾಗಿತ್ತು.

ಪ್ರತಿ ಊಟದಲ್ಲೂ ಗೌರಕ್ಕ ಗಂಡನ ಕಿವಿಯಲ್ಲಿ ಹೇಳುತ್ತಿದ್ದಳು: "ಈಗಲೇ ಅಲ್ಲ ಅಂತ ಹೇಳಿಬಿಡ್ರೀ."

"ಊಟ ಮುಗೀಲಿ, ಹೇಳ್ತೀನಿ."

ಊಟ ಮುಗಿದ ಮೇಲೆ ಎಲ್ಲರೂ ಅವನನ್ನು ಸುತ್ತಿಕೊಂಡು ಪರದೇಶದ ನೀರು ಹೇಗೆ, ಅಲ್ಲಿನ ಹುಳು ಹೇಗೆ ಎಂದು ಕೇಳುತ್ತಿದ್ದರು. ತಿಪ್ಪಣ್ಣ ಅದನ್ನು ನೋಡಿರಲಿಲ್ಲ. ಆದರೂ ಚೆನ್ನಾಗಿ ವರ್ಣಿಸುತ್ತಿದ್ದ. ಹೇಳಬೇಕಾದ ಮಾತು ಹಾಗೇ ಉಳಿಯುತ್ತಿತ್ತು.

ಕೊನೆಗೆ ಕೆರೆಯ ಹಿರಿಯ ಕಪ್ಪೆ ಯಂಕೋಬಣ್ಣನ ಮುಂದಾಳುತನದಲ್ಲಿ ಸಭೆ ನಡೆಯಿತು. ಕಪ್ಪೆಗಳು ಬೀಳ್ಕೊಡುಗೆಯ ಹಾಡು ಹೇಳಿದವು. ಸಾಕವ್ವ ಕಣ್ಣೊರೆಸಿಕೊಂಡು, "ನಿಮ್ಮ ಗೂಡಿನ ಜಾಗ ನಂಗೆ ಕೊಡಿ, ನಿಮ್ಮ ನೆನಪಿಗೆ" ಎಂದಳು. ಎಲ್ಲರೂ ನೋಡುತ್ತಿದ್ದರು. ತಿಪ್ಪಣ್ಣ ಕೊಟ್ಟುಬಿಟ್ಟ.

ಮರುದಿನ ಬಾತುಗಳು ಎಂದಿನಂತೆ ನೀರಿಗೆ ಇಳಿದವು. ಕೊಕ್ಕರೆ ಒಂಟಿಕಾಲಿನಲ್ಲಿ ನಿಂತು ನೋಡಿತು.

"ಏನ್ ತಿಪ್ಪಣ್ಣ, ಇನ್ನೂ ಹೋಗಿಲ್ವಾ?"

"ಹೊರಡ್ತಾ ಇದ್ದೀವಿ. ಸಣ್ಣವನದು ಸ್ವಲ್ಪ ರೆಕ್ಕೆ..."

"ಅಯ್ಯೋ, ನಿಧಾನವಾಗಿ ಹೋಗಿ. ಸುಮ್ನೆ ಕೇಳಿದೆ."

ಸ್ವಲ್ಪ ಮುಂದೆ ಏಡಿ ಸಿಕ್ಕಿತು. "ಇದೇನು, ಇಲ್ಲೇ ಇದ್ದೀರಿ! ಊಟ ಉಂಡು ಹೋದ್ರಲ್ಲ, ಆಗಲೇ ಅಲ್ಲಿಗೆ ಮುಟ್ಟಿರಬೇಕು ಅಂದ್ಕೊಂಡಿದ್ದೆ."

ಯಂಕೋಬಣ್ಣ ಮಾತ್ರ ನಿಯಮ ತಿಳಿಸಿದ: "ನೋಡಪ್ಪಾ, ಹಾಡು ಒಂದೇ ಸಲ. ಎರಡನೇ ಸಲ ಹಾಡೋ ಪದ್ಧತಿ ನಮ್ಮಲ್ಲಿಲ್ಲ. ಮುಂಚೆನೇ ಹೇಳಿದೀನಿ."

ಸಾಕವ್ವ ಕೊಕ್ಕಿನಲ್ಲಿ ಜೊಂಡು ಹಿಡಿದು ಗೂಡಿನ ಬಾಗಿಲಿಗೇ ಬಂದಳು. "ಅವಸರ ಏನಿಲ್ಲ, ಗೌರಕ್ಕ. ಮೊಟ್ಟೆ ಇಡೋ ಹೊತ್ತು ಬಂತು, ಅಷ್ಟೇ. ನಾನು ಇಲ್ಲೇ ಹೊರಗೆ ಕೂತಿರ್ತೀನಿ." ಅವಳು ಹೇಳಿದಂತೆಯೇ ಕೂತಳು.

ಅಂದಿನಿಂದ ಬಾತುಗಳು ಗೂಡಿನಿಂದ ಹೊರಬರುವುದನ್ನು ಕಡಿಮೆ ಮಾಡಿದವು. ಎಲ್ಲರೂ ಬೇರೆಡೆ ಇರುವಾಗ ಒಂದೆರಡು ಮುಳುಗು ಹಾಕಿ ಬರುತ್ತಿದ್ದವು. ಕೆರೆಯ ತುಂಬ ಆಹಾರವಿದ್ದರೂ ಚಿಟ್ಟುವಿಗೆ ಅರೆಹೊಟ್ಟೆ. ಅರೆಹೊಟ್ಟೆಯಲ್ಲಿ ಗರಿ ಬೇಗ ಬಿಚ್ಚಿಕೊಳ್ಳುವುದಿಲ್ಲ.

"ಅಮ್ಮಾ, ನಾವು ಏನಾದ್ರೂ ಕದ್ದಿದ್ದೀವಾ?" ಎಂದು ಚಿಟ್ಟು ಕೇಳಿದ.

"ಇಲ್ಲ ಕಂದ."

"ಮತ್ಯಾಕೆ ಬಚ್ಚಿಟ್ಕೊಂಡಿದ್ದೀವಿ?"

ಗೌರಕ್ಕ ಗಂಡನ ಕಡೆ ನೋಡಿದಳು. ತಿಪ್ಪಣ್ಣ ಜೊಂಡಿನ ಕಡೆ ನೋಡಿದ.

"ನಾಳೆ ಹೊರಡೋಣ" ಎಂದ.

"ಇವನು ಕೆರೆಯ ಏರಿಯಿಂದ ಬಂಡೆಯವರೆಗೆ ಹಾರಲಾರ. ಬೆಟ್ಟ ದಾಟ್ತಾನಾ?"

"ಮೇಲೆ ಗಾಳಿ ಇರುತ್ತೆ. ಎತ್ಕೊಂಡು ಹೋಗುತ್ತೆ."

"ಗಾಳಿ ಮಕ್ಕಳನ್ನ ಎತ್ಕೊಳ್ಳೋದಿಲ್ಲ ಕಣ್ರೀ. ಇನ್ನು ಹದಿನೈದು ದಿನ ಇದ್ರೆ ಸಾಕು."

"ಹದಿನೈದು ದಿನ!" ಎಂದ ತಿಪ್ಪಣ್ಣ. "ಹದಿನೈದು ದಿನ ಆ ಪ್ರಶ್ನೆ ಕೇಳಿಸ್ಕೊಂಡು ಬದುಕೋಕೆ ನನ್ನ ಕೈಲಿ ಆಗಲ್ಲ, ಗೌರಿ. ಎಲ್ಲರ ಮನೇಲೂ ಉಂಡಿದ್ದೀವಿ. ಯಾವ ಮುಖ ಇಟ್ಕೊಂಡು ಇರೋದು?"

ಅವನು ಅಳುತ್ತಿದ್ದ. ಗೌರಕ್ಕ ಅವನು ಅಳುವುದನ್ನು ಎಂದೂ ನೋಡಿರಲಿಲ್ಲ. ಆದ್ದರಿಂದ ಒಪ್ಪಿಕೊಂಡಳು. ಅದು ಅವಳ ತಪ್ಪು.

ಮರುದಿನ ಬಿಸಿಲೇರಿದ ಮೇಲೆ ಆರೂ ಬಾತುಗಳು ಹೊರಟವು. ಕೆರೆಯವರೆಲ್ಲ ತಲೆ ಎತ್ತಿ ನೋಡಿದರು. ಹಾಡು ಇರಲಿಲ್ಲ. ಬಾತುಗಳು ಮರಗಳ ಎತ್ತರಕ್ಕೆ ಏರುವ ಮೊದಲೇ ಸಾಕವ್ವ ಗೂಡಿನೊಳಗೆ ಹೋಗಿದ್ದಳು.

ಮೊದಲ ಗುಡ್ಡದವರೆಗೆ ಚಿಟ್ಟು ಹೇಗೋ ಬಂದ. ಎರಡನೆಯ ಗುಡ್ಡದ ಮೇಲೆ ಎಲ್ಲರಿಗಿಂತ ಕೆಳಗಿದ್ದ.

"ಅಮ್ಮಾ, ಗಾಳಿ ಎಲ್ಲಿದೆ?" ಎಂದು ಕೂಗಿದ.

ಆಮೇಲೆ ಅವನು ಕೂಗಲಿಲ್ಲ. ಕಲ್ಲಿನ ಹಾಗೆ ಕಣಿವೆಗೆ ಇಳಿಯತೊಡಗಿದ. ಗೌರಕ್ಕ ರೆಕ್ಕೆ ಮಡಚಿ ಅವನ ಹಿಂದೆಯೇ ಇಳಿದಳು. "ಮೂವರನ್ನ ದಡ ಸೇರಿಸಿ ಬನ್ನಿ!" ಎಂದು ಅವಳು ಕೂಗಿದ್ದು ತಿಪ್ಪಣ್ಣನಿಗೆ ಕೇಳಿಸಿತು. ಆ ಮೂವರೂ ದಣಿದಿದ್ದರು. ತಿಪ್ಪಣ್ಣ ಒಂದು ಸುತ್ತು ಹೊಡೆದು ಮುಂದೆ ಹೋದ.

ಚಿಟ್ಟು ಪೊದೆಯ ಮೇಲೆ ಬಿದ್ದುದರಿಂದ ಬದುಕಿಕೊಂಡ. ಪಕ್ಕದಲ್ಲೇ ಮಂಡಿಯುದ್ದ ನೀರಿನ ಒಂದು ಹೊಂಡವಿತ್ತು. ಹೊಂಡದ ಆಚೆ ದಡದಲ್ಲಿ ಒಂದು ಕಾಡುಬೆಕ್ಕೂ ಇತ್ತು.

ಗೌರಕ್ಕ ಬಾತುಗಳ ತಾಯಂದಿರಿಗೆಲ್ಲ ಗೊತ್ತಿರುವ ಕೆಲಸವನ್ನು ಮಾಡಿದಳು. ರೆಕ್ಕೆ ಮುರಿದವಳಂತೆ ನೆಲದ ಮೇಲೆ ಎಳೆದಾಡುತ್ತ ಬೆಕ್ಕನ್ನು ಮರಿಯಿಂದ ದೂರ ಕರೆದುಕೊಂಡು ಹೋದಳು. ಕೊನೆಯ ಗಳಿಗೆಯಲ್ಲಿ ಮೇಲೆ ಹಾರಬೇಕು. ಗುಡ್ಡಗಳ ಮೇಲೆ ಹಾರಿ ಬಂದ ಆಯಾಸಕ್ಕೆ ಒಂದು ಗಳಿಗೆ ತಡವಾಯಿತು. ಬೆಕ್ಕಿನ ಹಲ್ಲಿಗೆ ರೆಕ್ಕೆ ಸಿಕ್ಕಿತು. ಅವಳು ಕಿತ್ತುಕೊಂಡು ನೀರಿಗೆ ಬಿದ್ದಳು. ಬೆಕ್ಕು ಬಾಯಿತುಂಬಿದ ಗರಿ ಉಗುಳಿ, ಬೇಸರದಿಂದ ಹೊರಟುಹೋಯಿತು.

ಮರುದಿನ ತಿಪ್ಪಣ್ಣ ಹುಡುಕಿಕೊಂಡು ಬಂದ. ಹೆಂಡತಿಯ ರೆಕ್ಕೆಯನ್ನು ಕೊಕ್ಕಿನಿಂದ ಬಿಡಿಸಿ ನೋಡಿದ.

"ವಾಸಿಯಾಗುತ್ತೆ" ಎಂದ.

"ನೋವು ವಾಸಿಯಾಗುತ್ತೆ" ಎಂದಳು ಗೌರಕ್ಕ. "ಮಕ್ಕಳು ಅಲ್ಲಿ ಒಂಟಿಯಾಗಿದ್ದಾರೆ. ಹೊರಡಿ."

"ಎಲ್ಲರನ್ನೂ ಇಲ್ಲಿಗೇ ಕರ್ಕೊಂಡು ಬರ್ತೀನಿ."

"ಈ ಹೊಂಡದಲ್ಲಿ ಇಬ್ಬರ ಹೊಟ್ಟೆ ತುಂಬೋದೇ ಕಷ್ಟ. ಹೊರಡಿ."

ತಿಪ್ಪಣ್ಣ ಹೊರಟ.

ಹದಿನೈದು ದಿನಗಳಲ್ಲಿ ಚಿಟ್ಟುವಿನ ಗರಿಗಳು ಬಿಚ್ಚಿಕೊಂಡವು. ಬಹಳ ಒಳ್ಳೆಯ ಗರಿಗಳು. ಅವನು ಹೊಂಡದ ಮೇಲೆ ಎರಡು ಸುತ್ತು ಹಾರಿ ತಾಯಿಯ ಪಕ್ಕದಲ್ಲಿ ಬಂದು ಕುಳಿತ.

ಸುದ್ದಿ ಕಲ್ಲುಗುಡಿ ಕೆರೆಗೂ ತಲುಪಿತು. ಎಲ್ಲರಿಗೂ ನಿಜವಾಗಿಯೂ ದುಃಖವಾಯಿತು. ಕೊಕ್ಕರೆ ಆ ದಿನ ಮೀನು ಹಿಡಿಯಲಿಲ್ಲ.

"ನಾವೇನು ಹೋಗು ಅಂದ್ವಾ?" ಎಂದು ಏಡಿ ಕೇಳಿತು.

"ಯಾರೂ ಅನ್ನಲಿಲ್ಲ" ಎಂದ ಯಂಕೋಬಣ್ಣ. "ಕೇಳಿದ್ವಿ, ಅಷ್ಟೇ."

ಅವನು ಹೇಳಿದ್ದು ನಿಜ. ಯಾರೂ ಹೋಗು ಅಂದಿರಲಿಲ್ಲ.

ತಿಪ್ಪಣ್ಣ ಈಗಲೂ ಆಗಾಗ ಕಣಿವೆಗೆ ಬಂದು ಹೋಗುತ್ತಾನೆ. ಗೌರಕ್ಕ ಮತ್ತೆ ಹಾರಲಿಲ್ಲ. ಬೆಟ್ಟದ ಆಚೆ ನಾಲ್ಕು ಬಾತುಗಳಿವೆ. ಈಚೆ ಎರಡು.

ನೀತಿ: ಹೊರಡುವ ದಿನವನ್ನು ಮನೆಯ ಅತಿ ಚಿಕ್ಕ ರೆಕ್ಕೆಯನ್ನು ನೋಡಿ ಗೊತ್ತುಮಾಡಬೇಕು, ನೆರೆಯವರ ಮುಖ ನೋಡಿ ಅಲ್ಲ.