ಒಂಟಿ ಕಾಲಿನ ನ್ಯಾಯ

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ! ಇವತ್ತಿನ ಕತೆ ಕಡಲಾಚೆಯದು. ಆಫ್ರಿಕಾ ಅಂತ ದೊಡ್ಡ ಖಂಡ ಇದೆಯಲ್ಲ, ಅಲ್ಲಿ ಲುವಾಂಬಿ ಅಂತ ಒಂದು ರಾಜ್ಯ. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಇರುವುದು ಈ ಕತೆಯಲ್ಲಿ ಮಾತ್ರ. ಅಲ್ಲಿಯ ದೊರೆ ಒಕೆಲೊ. ಅವನ ಆಸ್ಥಾನಕ್ಕೆ ನಮ್ಮ ಕಡೆಯ ರಾಜ ತನ್ನ ರಾಯಭಾರಿ ಮಾದಣಯ್ಯನನ್ನು ಹಡಗಿನಲ್ಲಿ ಕಳಿಸಿದ.

ಲುವಾಂಬಿಯಲ್ಲಿ ಒಂದು ಕಟ್ಟಳೆ ಇತ್ತು. ದೊರೆಯ ಮುಂದೆ ಮಾತಾಡುವವರು ಒಂಟಿ ಕಾಲಿನಲ್ಲಿ ನಿಲ್ಲಬೇಕು! ಎತ್ತಿದ ಕಾಲು ನೆಲ ಮುಟ್ಟಿತೋ, ಮಾತು ಮುಗಿಯಿತು. ದೊರೆಯ ತಮ್ಮನಿಗೂ ಅದೇ, ಕುರಿ ಕಾಯುವವನಿಗೂ ಅದೇ.

ಪಾಪ ಮಾದಣಯ್ಯ! ಮೊದಲ ದಿನ ಒಂದು ಕಾಲೆತ್ತಿ ನಿಂತು ನಮ್ಮ ರಾಜನ ಬಿರುದು ಶುರು ಮಾಡಿದ. "ಶ್ರೀಮನ್ಮಹಾರಾಜಾಧಿರಾಜ, ಪಶ್ಚಿಮ ಸಮುದ್ರಾಧೀಶ್ವರ, ಶತ್ರುಗಜಸಿಂಹ..." ಇನ್ನೂ ಹದಿನೇಳು ಬಿರುದು ಬಾಕಿ ಇದ್ದವು. ಕಾಲು ಗಡಗಡ ನಡುಗಿ ಧೊಪ್ಪನೆ ಬಿದ್ದ. ಸಭೆಗೆ ಸಭೆಯೇ ನಕ್ಕಿತು, ಬಿದ್ದವನೂ ನಕ್ಕ.

ಬಿದ್ದರೂ ಅವನಿಗೆ ಖುಷಿಯೋ ಖುಷಿ! ಅವತ್ತೇ ಓಲೆ ಬರೆದ: "ಮಹಾಸ್ವಾಮಿ, ಎಂಥ ಕಟ್ಟಳೆ ಇವರದು! ಹೊಗಳಿಕೆ ಇಲ್ಲ, ಬಳಸು ಮಾತಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಕಾಲು. ನಮ್ಮಲ್ಲೂ ನಾಳೆಯಿಂದಲೇ ತನ್ನಿ." ಓಲೆ ಹಡಗು ಹತ್ತಿತು.

ಆ ಆಸ್ಥಾನದಲ್ಲಿ ಒಬುರಾ ಅಂತ ಒಬ್ಬ ಮಂತ್ರಿ. ಬಲು ಘಾಟಿ. ದಿನಾ ಬೆಳಗ್ಗೆ ಎಣ್ಣೆ ತಿಕ್ಕಿಸಿಕೊಂಡು ಒಂಟಿ ಕಾಲಿನಲ್ಲಿ ನಿಲ್ಲುವುದೇ ಅವನ ಅಭ್ಯಾಸ. ಆಸ್ಥಾನಕ್ಕೆ ಬರುವುದು ಪಲ್ಲಕ್ಕಿಯಲ್ಲಿ. ಮೂರು ದಿನದ ದಾರಿಯಲ್ಲಿ ಒಂದು ಹಳ್ಳಿ, ಆ ಹಳ್ಳಿಗೆಲ್ಲ ಒಂದೇ ಒರತೆ. ಒಬುರಾ ಆಳು ಕಳಿಸಿ ಒರತೆಯ ಸುತ್ತ ಬೇಲಿ ಹಾಕಿಸಿದ. ಹಳ್ಳಿಯವರಿಗೆ ಕುಡಿಯಲು ಹನಿ ನೀರಿಲ್ಲದಂತಾಯಿತು.

ಮೊದಲು ಒಬ್ಬ ರೈತ ಮೂರು ದಿನ ನಡೆದು ಬಂದ. ಪಾದವೆಲ್ಲ ಬೊಬ್ಬೆ. ಕಾಲೆತ್ತಿ, "ದೊರೆಯೇ, ನಮ್ಮ ಒರತೆ..." ಅಂದ, ಬಿದ್ದ. ಒಬುರಾ ಮಾತ್ರ ಕಂಬ ನೆಟ್ಟ ಹಾಗೆ ನಿಂತು, "ಆ ಒರತೆ ನಮ್ಮಪ್ಪನದು. ಚಿಕ್ಕವನಿದ್ದಾಗ ಎಷ್ಟೋ ಸಲ ಇಲ್ಲಿಂದ ನಾನೇ ನಡೆದು ಹೋಗಿ ನೀರು ತಂದಿದ್ದೇನೆ" ಅಂದ.

ಆಮೇಲೆ ಒಬ್ಬ ತಾಯಿ ಬಂದಳು, ಬೆನ್ನಿಗೆ ಕೂಸು ಕಟ್ಟಿಕೊಂಡು. ಕಾಲೆತ್ತಿ, "ದೊರೆಯೇ, ನನ್ನ ಮಗು..." ಅಂದಳು, ಬಿದ್ದಳು. ಒಬುರಾ ಮತ್ತೆ ನೆಟ್ಟಗೆ ನಿಂತು ಅದೇ ಸುಳ್ಳನ್ನು ಉಪ್ಪುಖಾರ ಹಚ್ಚಿ ಹೇಳಿದ. ದೊರೆ ಒಕೆಲೊ ಕೆಟ್ಟವನಲ್ಲ. ಆದರೆ ಕಟ್ಟಳೆ ಕಟ್ಟಳೆಯೇ ಅಂತ ಸುಮ್ಮನೆ ಕೂತ. ಮಾದಣಯ್ಯ ಹಣೆ ಚಚ್ಚಿಕೊಂಡ. ಅಯ್ಯೋ, ಇದನ್ನೇ ಅಲ್ಲವೇ ನಾನು ಹೊಗಳಿ ಬರೆದದ್ದು!

ಕೊನೆಗೆ ಅಚಿಯೆಂಗ್ ಅಂತ ಒಬ್ಬಳು ಮುದುಕಿ ಬಂದಳು. ಬಂದವಳೇ ಸಭೆಯ ನಡುವೆ ಕಾಲು ಚಾಚಿ ಕೂತುಬಿಟ್ಟಳು!

"ಏಳಜ್ಜಿ, ಕಾಲೆತ್ತಿ ದೂರು ಹೇಳು" ಅಂದ ಒಬುರಾ.

"ದೂರು ಯಾರಿಗಿದೆಯಪ್ಪಾ? ನಾನು ನೀರು ಕೇಳೋಕೆ ಬಂದವಳು. ನೀರು ಕೇಳೋಕೂ ಕಾಲೆತ್ತಬೇಕಾ ದೊರೆ?"

"ಇಲ್ಲ ತಾಯಿ" ಅಂದ ದೊರೆ. "ಬಾಯಾರಿದವರು ಕೂತೇ ಕೇಳಬಹುದು."

"ಹಾಗಾದರೆ ಕೇಳ್ತೀನಿ. ಆ ಒರತೆ ನೀರು ಬಿಟ್ಟು ಬೇರೆ ನೀರು ನನ್ನ ಗಂಟಲಿಗೆ ಇಳಿಯಲ್ಲ. ಅದರ ಒಡೆಯ ಈ ಮಂತ್ರಿಯೇ ಅಂತೆ. ಅವನೇ ನಡೆದು ಹೋಗಿ, ಅವನ ಕೈಯಾರೆ ಒಂದು ಕೊಡ ತಂದುಕೊಡಲಿ. ಆಳು ಬೇಡ, ಪಲ್ಲಕ್ಕಿ ಬೇಡ, ದಾರಿ ಕೇಳೋದು ಬೇಡ. ತಂದರೆ ನಮ್ಮ ಹಳ್ಳಿಯೇ ಒರತೆ ಬಿಟ್ಟು ಎದ್ದುಹೋಗುತ್ತೆ."

ಒಂದೇ ಕೊಡಕ್ಕೆ ಇಡೀ ಒರತೆ! ಒಬುರಾನ ಬಾಯಲ್ಲಿ ನೀರೂರಿತು. "ಒಪ್ಪಿದೆ!" ಅಂತ ಕೊಡ ಎತ್ತಿಕೊಂಡು ಅರಮನೆಯ ಬಾಗಿಲಿಗೆ ಬಂದ. ಎದುರಿಗೆ ಮೂರು ದಾರಿ. ಅಲ್ಲೇ ನಿಂತ, ತಲೆ ಕೆರೆದುಕೊಂಡ.

ಎಡದ ದಾರಿ ಹಿಡಿದ. "ಅದು ಸುಡುಗಾಡಿನ ದಾರಿ!" ಅಂತ ಜನ ನಕ್ಕರು. ವಾಪಸು ಬಂದು ಬಲದ ದಾರಿ ಹಿಡಿದ. "ಅದು ಸಂತೆಗೆ ಹೋಗುತ್ತೆ!" ಅಂತ ಇನ್ನೂ ಜೋರಾಗಿ ನಕ್ಕರು. ನಡುವಿನ ದಾರಿ ಹಿಡಿದ. ಈಗಂತೂ ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಅದು ಹೋಗುತ್ತಿದ್ದದ್ದು ಒಬುರಾನ ಮನೆಗೇ! ಪರದೆ ಹಾಕಿದ ಪಲ್ಲಕ್ಕಿಯಲ್ಲೇ ಓಡಾಡುವವನಿಗೆ ತನ್ನ ಮನೆಯ ದಾರಿಯೂ ಗೊತ್ತಿರಲಿಲ್ಲ. ಒರತೆಗೆ ಹೋಗುವ ಕಾಲುದಾರಿ ಇದ್ದದ್ದು ಅರಮನೆಯ ಹಿಂದೆ, ಗುಡ್ಡದ ಮೇಲೆ.

ದೊರೆ ಎದ್ದು ಬಾಗಿಲಿಗೆ ಬಂದ. "ಏನಯ್ಯಾ, ಅಷ್ಟು ಸಲ ನಡೆದು ನೀರು ತಂದ ಒರತೆಗೆ ದಾರಿಯೇ ಗೊತ್ತಿಲ್ಲವಾ?"

ಒಂಟಿ ಕಾಲಿನಲ್ಲಿ ಕಂಬದಂತೆ ನಿಲ್ಲುತ್ತಿದ್ದ ಒಬುರಾ ಎರಡು ಕಾಲಿದ್ದರೂ ಕುಸಿದು ಕೂತ!

ದೊರೆ ಅವನ ಮಂತ್ರಿಗಿರಿ ಕಿತ್ತುಕೊಂಡು, "ಆ ಹಳ್ಳಿಗೆ ನಡೆದು ಹೋಗು. ನಿನ್ನ ಕೈಯಿಂದಲೇ ಬೇಲಿ ಕೀಳು" ಅಂದ. ಆಮೇಲೆ ಕಟ್ಟಳೆಗೆ ಒಂದು ಮಾತು ಸೇರಿಸಿದ: ದೂರದಿಂದ ಬಂದವರು ಮೊದಲು ಉಣ್ಣಲಿ, ಒಂದು ರಾತ್ರಿ ಮಲಗಲಿ, ಅಶಕ್ತರು ಕೂತೇ ಮಾತಾಡಲಿ.

ಮಾದಣಯ್ಯ ಓಡಿದ, ಏದುಸಿರು ಬಿಡುತ್ತಾ ಎರಡನೇ ಓಲೆ ಬರೆದ: "ಸ್ವಾಮಿ, ತಡೆಯಿರಿ! ಮೊದಲ ಓಲೆ ಬರೆದದ್ದು ಬುದ್ಧಿಯಿಲ್ಲದ ನಾನು. ಒಂದೇ ಕಟ್ಟಳೆ ಕಂಡೆ, ಒಂದೇ ಕಾಲು ಕಂಡೆ. ಆ ಕಾಲು ಎಷ್ಟು ನಡೆದು ಬಂದಿದೆ ಅಂತ ಕಾಣಲಿಲ್ಲ."

ಓಲೆ ತಲುಪುವ ಹೊತ್ತಿಗೆ ಇಲ್ಲಿ ನಮ್ಮ ಆಸ್ಥಾನದಲ್ಲೂ ಎಲ್ಲರೂ ಒಂಟಿ ಕಾಲಿನಲ್ಲಿ ನಿಂತಿದ್ದರು! ರಾಜ ಓಲೆ ಓದಿದ. ಎದುರಿಗೆ ಒಬ್ಬ ಮುದುಕ ಕಾಲೆತ್ತಿ ನಡುಗುತ್ತಿದ್ದ.

"ಯಾವ ಊರಿಂದ ಬಂದೆಯಪ್ಪಾ?" ಅಂತ ರಾಜ ಕೇಳಿದ.

"ಘಟ್ಟದ ಮೇಲಿಂದ, ಬುದ್ದೀ. ಐದು ದಿನ ಆಯ್ತು ಹೊರಟು."

ರಾಜ ಸಿಂಹಾಸನದಿಂದ ಇಳಿದ. ಮುದುಕನನ್ನು ಕೈಹಿಡಿದು ಕೂರಿಸಿ, ತಾನೇ ನೀರು ಕೊಟ್ಟ. "ಈಗ ಹೇಳಪ್ಪಾ" ಅಂದ.

ತಿಳಿಯಿತಾ ಮಕ್ಕಳೇ? ಕಾನೂನು ಎಲ್ಲರಿಗೂ ಒಂದೇ ಇದ್ದರೆ ಸಾಲದು. ಎದುರಿಗೆ ನಿಂತವರು ಎಷ್ಟು ದೂರ ನಡೆದು ಬಂದಿದ್ದಾರೆ ಅಂತ ಆಳುವವನು ಮೊದಲು ಕೇಳಬೇಕು. ಅದನ್ನು ಕೇಳದವನಿಗೆ ಆಳುವ ಹಕ್ಕಿಲ್ಲ.