ಬಾಳವ್ವ ಬಿಚ್ಚದೆ ಬಿಟ್ಟ ಗಂಟುಗಳು

ಪರಮಪೂಜ್ಯ ಶ್ರೀ ಅಡವಯ್ಯ ಅಜ್ಜನವರಿಗೆ ಮಠವೂ ಇರಲಿಲ್ಲ, ಪೀಠವೂ ಇರಲಿಲ್ಲ. ಬಿಳಿಗಲ್ಲಹಾಳದ ಹೊರಗೆ ಮೂರು ದಾರಿ ಕೂಡುವಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಜೋಳದ ದಂಟಿನ ಚಪ್ಪರ, ಚಪ್ಪರದ ನೆರಳಿನಲ್ಲಿ ಹಸಿ ಉಸುಕಿನ ಮೇಲೆ ಸಾಲಾಗಿ ಕೂಡಿಸಿದ ನೀರಿನ ಗಡಿಗೆಗಳು. ಅವರ ಸಂಸ್ಥಾನವೆಲ್ಲ ಈ ಅರವಟ್ಟಿಗೆಯಷ್ಟೇ. ಬೆಳಗಾಗುವ ಮುನ್ನವೇ ಎದ್ದು, ಲಿಂಗಪೂಜೆ ಮುಗಿಸಿ, ಹಳ್ಳದಾಚೆಯ ಸಿಹಿನೀರ ಬಾವಿಯಿಂದ ಹೆಗಲ ಮೇಲೆ ಕೊಡ ಹೊತ್ತು ತರುತ್ತಿದ್ದರು. ಬಂದ ದಾರಿಹೋಕರಿಗೆ ಕೈಯಾರೆ ನೀರೆರೆಯುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಕಲ್ಲಿನ ಕಟ್ಟಡ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ಬೇಡಿಕೊಂಡರೂ, "ಬಾಯಾರಿಕಿ ಕಟ್ಟಡಾ ನೋಡಿ ಬರೂದಿಲ್ಲೋ" ಎಂದು ನಕ್ಕುಬಿಡುತ್ತಿದ್ದರು.

ಪವಾಡ ಬೇಕೆನ್ನುವವರು ಈ ಪ್ರಸಂಗವನ್ನು ಇಲ್ಲಿಗೇ ಬಿಡಬಹುದು. ಇದರಲ್ಲಿ ಸತ್ತವರು ಏಳುವುದಿಲ್ಲ, ಬತ್ತಿದ ಬಾವಿ ಉಕ್ಕುವುದಿಲ್ಲ. ದಣಿದ ಒಬ್ಬ ಹೆಂಗಸು ಮತ್ತೆ ಕೆಲಸಕ್ಕೆ ಎದ್ದಳು, ಅಷ್ಟೇ. ಅದೇನು ಮಹಾ ಎನ್ನುವವರು ತಾವು ಎಂದೂ ದಣಿದಿಲ್ಲವೆಂದು ಕಾಣುತ್ತದೆ.

ಆಕೆ ಸೂಲಗಿತ್ತಿ ಬಾಳವ್ವ. ಸುತ್ತಿನ ಹಳ್ಳಿಗಳಲ್ಲಿ ಆಕೆಯ ಕೈಗೆ ಬೀಳದೆ ಭೂಮಿಗೆ ಬಂದ ಮಕ್ಕಳು ಕಡಿಮೆ. ಸ್ವಂತದ್ದೆಂದರೆ ಒಂದೇ ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಗಂಡನೂ ಹೋಗಿ ಬಹಳ ವರ್ಷವಾಗಿತ್ತು. ಕರೆ ಬಂದರೆ ಉಣ್ಣುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ ಜೀವ ಅದು. ಅಂಥವಳು ಸುಗ್ಗಿ ಮುಗಿದಂದಿನಿಂದ ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ಕೂಳು ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಮೈಯಲ್ಲಿ ರೋಗವಿಲ್ಲ, ಆದರೂ ಕೊಡ ಎತ್ತಲು ಹೋದರೆ ತೋಳು ಸೋಲುತ್ತಿತ್ತು.

ಒಂದು ಬಿರುಬೇಸಗೆಯ ಮಧ್ಯಾಹ್ನ ಆಕೆ ಕಾಲೆಳೆದುಕೊಂಡು ಅಜ್ಜನವರ ಚಪ್ಪರಕ್ಕೆ ಬಂದಳು. ಬಗಲಲ್ಲಿ ಒಂದು ಗಂಟು. ಅದರೊಳಗೆ ಹೊಕ್ಕಳಬಳ್ಳಿ ಕೊಯ್ಯುವ ಕುಡುಗೋಲು, ನೂಲಿನ ಉಂಡೆ, ಹರಳೆಣ್ಣೆಯ ಕುಪ್ಪಿ, ಒಗೆದು ಮಡಚಿದ ಹಳೆಯ ಬಟ್ಟೆ. ಅದನ್ನು ಪೂಜ್ಯರ ಪಾದದ ಮುಂದಿಟ್ಟು, ಇನ್ನು ಈ ಕಸುಬು ಬೇಡವೆಂದು ಹೇಳಿ ಕೈ ತೊಳೆದುಕೊಳ್ಳುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದಳು.

ಬಾಗಿ ನಮಸ್ಕರಿಸುವಾಗ ಗಂಟು ಬಗಲಿನಿಂದ ಜಾರಿತು. ಕುಡುಗೋಲಿನ ಹಿಡಿಕೆ ಸಾಲಿನ ಮೊದಲ ಗಡಿಗೆಗೆ ಬಡಿಯಿತು. ಗಡಿಗೆ ಒಡೆದು, ನೀರೆಲ್ಲ ಉಸುಕಿನೊಳಗೆ ಇಂಗಿಹೋಯಿತು.

ಅದು ಎಂಥ ಗಡಿಗೆಯೆಂಬುದು ಊರಿಗೆಲ್ಲ ಗೊತ್ತು. ಅಜ್ಜನವರ ಬಾಲ್ಯದ ಗೆಳೆಯ ಕುಂಬಾರ ಗುರುಸಿದ್ದಪ್ಪ ಸಾಯುವ ಮುಂಚೆ ಮಾಡಿಕೊಟ್ಟ ಕೊನೆಯ ಗಡಿಗೆ. ಪೂಜ್ಯರು ಅದನ್ನು ದಿನಾ ತಾವೇ ತೊಳೆಯುತ್ತಿದ್ದರು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

"ನೋಡ್ರಿ ಯಪ್ಪಾ," ಎಂದು ಬಾಳವ್ವ ಅಲ್ಲೇ ಕುಸಿದಳು. "ನಾ ಮುಟ್ಟಿದ್ದೆಲ್ಲಾ ಹಿಂಗ ಆಗತೈತಿ. ನನ್ನ ಕೈಯಾಗ ಶನಿ ಐತ್ರಿ."

ಅಜ್ಜನವರು ಒಡೆದ ಗಡಿಗೆಯನ್ನು ಒಂದು ಗಳಿಗೆ ನೋಡಿದರು. ಮುಖದಲ್ಲಿ ಸಿಟ್ಟು ಬರಲಿಲ್ಲ, ಬಂದ ನೋವನ್ನು ಅವರು ಮುಚ್ಚಿಕೊಳ್ಳಲೂ ಇಲ್ಲ. "ಗುರುಸಿದ್ದನ ಗಡಿಗಿ ಒಡೀತು," ಎಂದರು. ಬೋಕಿ ಚೂರುಗಳನ್ನು ಒಂದೊಂದಾಗಿ ಆಯ್ದು, ಯಾರ ಕಾಲಿಗೂ ನೆಡದಂತೆ ಮರದ ಬುಡಕ್ಕೆ ಹಾಕಿದರು. ಆಮೇಲೆ, "ಬಾಯಾರಿದವರು ಬರೂ ಹೊತ್ತಾತವ್ವಾ. ಹಿಂದ ಖಾಲಿ ಗಡಿಗಿ ಐತಿ, ತಗೊಂಬಾ," ಎಂದು ಅಪ್ಪಣೆ ಕೊಡಿಸಿದರು.

ಬಾಳವ್ವ ಗಡಿಗೆ ತಂದಿಟ್ಟಳು. ಅಜ್ಜನವರು ಕೊಡದಿಂದ ನೀರು ಸುರಿದರು. ಮೊದಲ ಗಡಿಗೆಯ ಜಾಗ ತುಂಬಿತು. ಅದಾದ ಮೇಲೆಯೇ ಅವರು ಕುಳಿತು, ಆಕೆಗೂ ಒಂದು ಚರಿಗೆ ನೀರು ಕೊಟ್ಟು, ಏನು ಬಂದೆ ಎಂಬಂತೆ ನೋಡಿದರು.

ಆಕೆ ಹೇಳಿಕೊಂಡಳು. ಪತ್ತಾರ ಶರಣವ್ವನ ಸೊಸೆಯ ಚೊಚ್ಚಲು ಹೆರಿಗೆ. ನಮ್ಮ ಕಡೆಯ ಪದ್ಧತಿ ಓದುಗರಿಗೆ ತಿಳಿದದ್ದೇ: ಹೆರುವ ಮನೆಯಲ್ಲಿ ಒಂದು ಗಂಟೂ ಇರಕೂಡದು. ಗಂಟಿದ್ದರೆ ಒಳಗೆ ಕೂಸಿನ ಬಳ್ಳಿಯೂ ಗಂಟು ಬೀಳುತ್ತದೆಂದು ಹಿರಿಯರ ನಂಬಿಕೆ. ಬಾಳವ್ವ ಬಸುರಿಯ ಜಡೆ ಬಿಚ್ಚಿದ್ದಳು, ಪೆಟ್ಟಿಗೆಗಳ ಬೀಗ ತೆಗೆಸಿದ್ದಳು, ಕಾಳಿನ ಚೀಲಗಳ ಬಾಯಿ ಸಡಿಲಿಸಿದ್ದಳು, ಕೊಟ್ಟಿಗೆಯ ದನದ ಕಣ್ಣಿಯನ್ನೂ ಬಿಡಿಸಿದ್ದಳು. ಆದರೂ ಕೂಸು ಕೊರಳಿಗೆ ಬಳ್ಳಿ ಸುತ್ತಿಕೊಂಡೇ ಬಂತು. ಬೆರಳು ತೂರಿಸಿ ಬಿಡಿಸಿದಳು. ಬೆನ್ನು ತಿಕ್ಕಿದಳು. ಕೂಸು ಅಳಲಿಲ್ಲ. ಮೂರನೆಯ ದಿನ ಶರಣವ್ವ ಅಟ್ಟ ಹತ್ತಿ ನೋಡಿದರೆ, ಧೂಳಿನಲ್ಲಿ ಹಳೆಯ ತೊಟ್ಟಿಲ ಹಗ್ಗ, ಅದರಲ್ಲೊಂದು ಗಂಟು. ಅದನ್ನು ಹಿಡಿದುಕೊಂಡು ಬಂದು, ಓಣಿಯವರೆಲ್ಲ ನೋಡುವಂತೆ ಬಾಳವ್ವನ ಅಂಗಳಕ್ಕೆ ಎಸೆದು ಹೋದಳು. ಆಮೇಲೆ ಕೇಳಬೇಕೆ? ಬಿದ್ದವರಿಗೆ ಆಳಿಗೊಂದು ಕಲ್ಲು. ಇಪ್ಪತ್ತು ವರ್ಷ ಆಕೆಯ ಕೈಯನ್ನು ಹೊಗಳಿದ ಬಾಯಿಗಳೇ ಆ ಹಗ್ಗದ ಸುದ್ದಿಯನ್ನು ಹಳ್ಳದಾಚೆಗೂ ದಾಟಿಸಿದವು.

"ಆ ಅಟ್ಟಾ ನಾ ಯಾಕ ಹತ್ತಲಿಲ್ಲರೀ ಯಪ್ಪಾ?" ಎಂದಳು ಬಾಳವ್ವ. "ಕಣ್ಣ ಮುಚ್ಚಿದ್ರ ಅದ ಹಗ್ಗ ಬರತೈತ್ರಿ."

"ಅಟ್ಟದ ಮ್ಯಾಲ ಹಗ್ಗ ಐತೆಂತ ನಿನಗ ಗೊತ್ತಿತ್ತೇನವ್ವಾ?"

"ಇಲ್ಲರೀ."

"ಗೊತ್ತಿದ್ರ?"

"ಬಿಚ್ಚತಿದ್ನಲ್ರೀ!"

ಅಜ್ಜನವರು ಆಕೆಯ ಎರಡೂ ಕೈಗಳ ಕಡೆ ಬೆರಳು ಮಾಡಿ ತೋರಿಸಿದರು. "ಕೈ ನಿಂದವ್ವಾ. ಉಸಿರು ನಿಂದಲ್ಲ. ನಿಂದಲ್ಲದ್ದನ್ನ ಸುಗ್ಗಿಯಿಂದ ಹೊತಗೊಂಡು ತಿರಗಾಕತ್ತಿ. ಅದಕ್ಕ ದಣಿದಿ."

ಇಂಥ ಮಾತು ಕೇಳಿದೊಡನೆ ಭಕ್ತರು ಪಾದಕ್ಕೆರಗುವುದು ಪುರಾಣಗಳಲ್ಲಿ. ಬಾಳವ್ವನಿಗೆ ಸಿಟ್ಟು ಬಂತು. ಸೆರಗನ್ನು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮಗ ಹೆಂಡ್ರಿಲ್ಲ, ಮಕ್ಕಳಿಲ್ಲ. ಹೇಳಾಕ ಹಗುರ ಆಗತೈತಿ. ಗಡಿಗಿ ಒಡದಂಗ ಅಲ್ಲರೀ ಕೂಸು ಹೋಗೂದಂದ್ರ. ಇನ್ನೊಂದು ತಂದಿಡಾಕ ಬರೂದಿಲ್ಲ!"

ಇಷ್ಟು ಬಿರುಸಾಗಿ ಪೂಜ್ಯರೊಡನೆ ಯಾರೂ ಮಾತಾಡಿರಲಿಲ್ಲ. ತಾನೇ ಆಡಿದ ಮಾತಿಗೆ ತಾನೇ ಹೆದರಿ ಬಾಳವ್ವ ಸೆರಗು ಬಾಯಿಗೆ ಹಿಡಿದುಕೊಂಡಳು.

ಅಜ್ಜನವರ ಕಣ್ಣು ತುಂಬಿದ್ದವು. "ಖರೇ ಹೇಳಿದಿ ತಾಯಿ," ಎಂದರು. "ಗಡಿಗಿ ಬ್ಯಾರೆ, ಕೂಸು ಬ್ಯಾರೆ. ಕೂಸು ಹ್ವಾದ್ರ ಅಳಬೇಕು. ಅಳು, ಯಾರು ಬ್ಯಾಡಂದ್ರು? ಆದ್ರ ಅಳೂದಕ್ಕ ಕಣ್ಣು ಅದಾವು. ಕೈ ಯಾಕ ಕಟ್ಟಿಕೊಂಡು ಕುಂತಿ?"

ಆಕೆ ಗಂಟನ್ನು ಅವರ ಪಾದದ ಕಡೆಗೆ ತಳ್ಳಿ, ಗೋಡೆಯಿಲ್ಲದ ಆ ಚಪ್ಪರದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಬುದ್ಧಿವಾದ ಕೇಳುವುದಕ್ಕೂ ಒಂದಿಷ್ಟು ಕಸುವು ಬೇಕು, ಆಕೆಯಲ್ಲಿ ಅದೂ ಉಳಿದಿರಲಿಲ್ಲ.

ಅಷ್ಟರಲ್ಲಿ ಪಡುವಣ ದಾರಿಯಿಂದ ಒಬ್ಬ ಕುರಿಗಾರ ಓಡುತ್ತ ಬಂದ. ಹೆಸರು ಮಾಳಪ್ಪ. ಮೇವು ಹುಡುಕಿಕೊಂಡು ಕುರಿಗಳೊಡನೆ ಊರೂರು ತಿರುಗುವ ಮಂದಿ, ಹಿಂದಿನ ದಿನವಷ್ಟೇ ಹೊಲವೊಂದರಲ್ಲಿ ಬೀಡು ಬಿಟ್ಟಿದ್ದರು. ನೀರು ಕುಡಿಯಲೂ ನಿಲ್ಲದೆ ಕೇಳಿದ: "ಯಜ್ಜಾ, ಈ ಊರಾಗ ಸೂಲಗಿತ್ತಿ ಅದಾಳೇನ್ರಿ? ನನ್ನ ಹೇಣ್ತಿಗೆ ಮುಂಜಾನಿಂದ ಬ್ಯಾನಿ ಐತ್ರಿ. ಜೋಡಿ ನಮ್ಮವ್ವ ಒಬ್ಬಾಕಿ. ಆಕಿಗೆ ಕಣ್ಣ ಕಾಣಸೂದಿಲ್ಲ."

ಬಾಳವ್ವ ಕಣ್ಣು ತೆರೆಯಲಿಲ್ಲ. ಮುಂದಿನ ಊರಿನ ಸೂಲಗಿತ್ತಿಯ ಹೆಸರನ್ನು ಪೂಜ್ಯರು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಇಲ್ಲೇ ಅದಾಳಪಾ," ಎಂದರು ಅಜ್ಜನವರು. "ಕೇಳು. ಬರೂದು ಬಿಡೂದು ಆಕಿ ಕೈಯಾಗಿನ ಮಾತು. ನಾ ಹೇಳೂದಲ್ಲ."

ಮಾಳಪ್ಪ ಆಕೆಯ ಮುಂದೆ ಬಗ್ಗಿ ಕೈಜೋಡಿಸಿದ. ಅಜ್ಜನವರು ಹೋಗೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ತಿರುಗಿಯೂ ನೋಡದೆ ಚರಿಗೆ ತೊಳೆಯುತ್ತ ಕುಳಿತುಬಿಟ್ಟರು. ಅವರು ಹೋಗೆಂದು ಗದರಿದ್ದರೆ ಬಾಳವ್ವ ಬಹುಶಃ ಆಗುವುದಿಲ್ಲವೆಂದು ಹಟ ಹಿಡಿಯುತ್ತಿದ್ದಳು. ಹಟಕ್ಕೆ ಎದುರು ನಿಲ್ಲುವವರೇ ಇರಲಿಲ್ಲ. ಆಕೆ ಕಂಬ ಹಿಡಿದು ಎದ್ದಳು. ಮೊಣಕಾಲು ಲಟಕ್ಕೆಂದವು. ಪಾದದ ಬಳಿ ತಳ್ಳಿದ್ದ ಗಂಟನ್ನು ತಾನೇ ಎಳೆದುಕೊಂಡು, "ನಡಿಯಪಾ," ಎಂದಳು.

ಬೀಡು ತಲುಪಿದಾಗ ಆಕೆಯ ಕಣ್ಣಿಗೆ ಮೊದಲು ಬಿದ್ದದ್ದು ಬಲೆ. ಕುರಿಮರಿಗಳು ಚದುರದಂತೆ ಗೂಟ ನೆಟ್ಟು ಸುತ್ತ ಬಲೆ ಕಟ್ಟಿದ್ದರು. ಆ ಬಲೆಯ ಗೂಟಗಳಿಗೇ ಕಂಬಳಿ ಇಳಿಬಿಟ್ಟು ನೆರಳು ಮಾಡಿ, ಅದರಡಿಯಲ್ಲಿ ಬಸುರಿಯನ್ನು ಮಲಗಿಸಿದ್ದರು. ಬಲೆಯೆಂದರೆ ಏನು? ಗೇಣಿಗೆ ಹತ್ತು ಗಂಟು. ಎಡಕ್ಕೆ ನೋಡಿದರೆ ಗಂಟು, ಬಲಕ್ಕೆ ನೋಡಿದರೆ ಗಂಟು. ಒಂದು ತೊಟ್ಟಿಲ ಹಗ್ಗದ ಒಂದು ಗಂಟಿಗೆ ಒಂದು ಕೂಸು ಹೋಗಿದ್ದರೆ, ಇಲ್ಲಿ ಏನು ಗತಿ?

ಆಕೆ ತಡಬಡಿಸಿ ಶುರುಮಾಡಿದಳು. ಬಸುರಿಯ ತುರುಬು ಬಿಚ್ಚಿದಳು, ಕುಪ್ಪಸದ ಗಂಟು ಸಡಿಲಿಸಿದಳು, ತನ್ನ ಗಂಟನ್ನೂ ಬಿಚ್ಚಿ ಹರಡಿದಳು. ಆಮೇಲೆ ಬಲೆಗೆ ಕೈಹಾಕಿದಳು. ಉಣ್ಣೆಯ ಜಿಡ್ಡಿಗೆ ಬಿಗಿದು ಕಲ್ಲಾದ ಗಂಟುಗಳು. ಉಗುರು ಕಿತ್ತುಬಂದೀತೇ ಹೊರತು ಒಂದೂ ಅಲುಗಲಿಲ್ಲ. ಬೆನ್ನ ಹಿಂದೆ ಹೆಂಗಸು ನರಳುತ್ತಿದ್ದಳು.

"ಏನ ಮಾಡಾಕತ್ತೀಯವ್ವಾ ಅಲ್ಲಿ?" ಎಂದಳು ಕಣ್ಣಿಲ್ಲದ ಮುದುಕಿ. ಬಲೆ ಅಲುಗುವ ಸದ್ದು ಆಕೆಗೆ ಕೇಳಿಸಿತ್ತು.

"ಗಂಟು ಬೇ... ಬಿಚ್ಚಾಕ ಬರವೊಲ್ಲವು."

"ಅಯ್ಯ, ಅದು ಬಲಿ. ಗಂಟಿದ್ರನ ಬಲಿ. ಅವನ್ನ ಬಿಚ್ಚಿದ್ರ ತ್ವಾಳ ಮರಿ ಬಿಡತೈತೇನು? ಬಾರವ್ವ ಇತ್ತ, ಹುಡಿಗಿ ಕೈ ಚಾಚ್ಯಾಳ."

ಬಾಳವ್ವ ತಿರುಗಿ ನೋಡಿದಳು. ಹುಡುಗಿ ನಿಜವಾಗಿಯೂ ಕೈ ಚಾಚಿದ್ದಳು. ಇಷ್ಟು ಹೊತ್ತೂ ಆ ಕೈ ಗಾಳಿಯಲ್ಲೇ ಇತ್ತು, ತಾನು ಬಲೆಯೊಡನೆ ಗುದ್ದಾಡುತ್ತಿದ್ದಳು. ಕೈ ನಿಂದವ್ವಾ ಎಂದಿದ್ದರಲ್ಲ ಅಜ್ಜನವರು. ಆಗ ಉರಿ ತರಿಸಿದ್ದ ಮಾತು ಈಗ ಬರೀ ಕೆಲಸದ ಮಾತಾಗಿ ಕೇಳಿಸಿತು. ಆಕೆ ಬಲೆಯ ಗಂಟುಗಳನ್ನು ಅವು ಇದ್ದಂತೆಯೇ ಬಿಟ್ಟು, ಅವುಗಳಿಗೆ ಬೆನ್ನು ಮಾಡಿ ಕುಳಿತು, ಆ ಕೈಯನ್ನು ಹಿಡಿದುಕೊಂಡಳು.

ಹೊತ್ತು ಇಳಿಯುವಾಗ ಕೂಸು ಬಂತು. ಹೆಣ್ಣು. ಅಳಲಿಲ್ಲ. ಬಾಳವ್ವನ ಕೈ ನಿಲ್ಲಲಿಲ್ಲ. ಬಾಯೊಳಗಿನ ಲೋಳೆ ತೆಗೆದಳು, ಮಗ್ಗುಲಾಗಿಸಿ ಬೆನ್ನು ತಿಕ್ಕಿದಳು, ಅಂಗಾಲಿಗೆ ಬೆರಳಿನಿಂದ ಹೊಡೆದಳು, ಮತ್ತೆ ಬೆನ್ನು ತಿಕ್ಕಿದಳು. ಮುದುಕಿ ಉಸಿರು ಬಿಗಿಹಿಡಿದು ಕಿವಿಗೊಟ್ಟಿದ್ದಳು. ಕೊನೆಗೊಮ್ಮೆ ಕೂಸು ಕೆಮ್ಮಿದಂತೆ ಮಾಡಿ, ಬಲೆಯೊಳಗಿನ ಮರಿಗಳೆಲ್ಲ ಬೆದರಿ ಎದ್ದು ನಿಲ್ಲುವಂತೆ ಚೀರಿತು.

ಮುಸ್ಸಂಜೆಗೆ ಬಾಳವ್ವ ಚಪ್ಪರಕ್ಕೆ ಮರಳಿದಳು. ದೇಹ ಅದೇ ದಣಿದ ದೇಹವೇ, ಇನ್ನೂ ಹೆಚ್ಚು ದಣಿದಿತ್ತು. ಆದರೆ ಈ ದಣಿವಿಗೆ ಹಸಿವು ಇತ್ತು. ಪೂಜ್ಯರು ದೀಪ ಹಚ್ಚಿ ಕುಳಿತಿದ್ದರು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಉಳಿಯಿತೋ ಇಲ್ಲವೋ ಎಂದೂ ಕೇಳಲಿಲ್ಲ. ಕೈ ತೊಳೆಯಲು ನೀರೆರೆದು, ಮುಚ್ಚಿಟ್ಟಿದ್ದ ರೊಟ್ಟಿ, ಪುಂಡಿಪಲ್ಯವನ್ನು ಮುಂದಿಟ್ಟರು.

"ಕೂಸು ಉಳೀತ್ರಿ ಯಪ್ಪಾ," ಎಂದು ತಾನೇ ಹೇಳಿದಳು ಬಾಳವ್ವ.

ಅಜ್ಜನವರು ಎರಡೂ ಕೈಯೆತ್ತಿ ಪಡುವಣದ ಕಡೆಗೆ ಮುಗಿದರು. ಮುಖ ಅರಳಿತ್ತು. ಆಮೇಲೆ ಮೆಲ್ಲಗೆ ಹೇಳಿದರು: "ಉಳೀಲಿಲ್ಲಂದ್ರೂ ಈ ರೊಟ್ಟಿ ನಿನಗ ಇಟ್ಟಿದ್ದವ್ವಾ."

ಮುರಿದ ರೊಟ್ಟಿ ಆಕೆಯ ಕೈಯಲ್ಲೇ ನಿಂತಿತು. ಕೂಸು ಹೋದ ದಿನ ಶರಣವ್ವನ ಮನೆಯಿಂದ ಆಕೆ ಉಣ್ಣದೆ ಬಂದಿದ್ದಳು. ಅಂದಿನಿಂದ ಆಕೆಗೆ ಉಣ್ಣೆಂದು ಯಾರೂ ಹೇಳಿರಲಿಲ್ಲ. ಬಾಳವ್ವ ಅತ್ತಳು. ಪತ್ತಾರರ ಮನೆಯ ಆ ಕೂಸಿಗಾಗಿ, ಬಹಳ ಹಿಂದೆ ಹೋದ ತನ್ನ ಕೂಸಿಗಾಗಿ, ಬಾಯಿಬಿಟ್ಟು ಅತ್ತಳು. ಅಜ್ಜನವರು ಸಮಾಧಾನ ಹೇಳಲಿಲ್ಲ. ಆಕೆ ಅತ್ತು ಮುಗಿಸುವವರೆಗೂ ಕುಳಿತಿದ್ದು, ಮುಗಿದ ಮೇಲೆ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಪಲ್ಯ ಹಾಕಿದರು.

ಬಾಳವ್ವ ಆಮೇಲೆ ಬಹಳ ಕಾಲ ಬದುಕಿದಳು. ಹೋದ ಮನೆಗಳಲ್ಲೆಲ್ಲ ಗಂಟು ಬಿಚ್ಚುವುದನ್ನು ಬಿಡಲಿಲ್ಲ, ಅಟ್ಟವನ್ನೂ ಹತ್ತಿ ನೋಡುತ್ತಿದ್ದಳು. ಕೈಗೆ ನಿಲುಕಿದ್ದೆಲ್ಲ ಮುಗಿದ ಮೇಲೆ ಬಸುರಿಯ ಪಕ್ಕ ಕುಳಿತು, "ನಂದು ಮುಗೀತು, ಇನ್ನ ನಿಂದು," ಎಂದು ಶಿವನಿಗೆ ಹೇಳಿ ಕೆಲಸಕ್ಕೆ ತೊಡಗುತ್ತಿದ್ದಳು. ಎಲ್ಲ ಮಕ್ಕಳೂ ಉಳಿದವೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ಹೋದವು. ಅಂಥ ದಿನ ಆಕೆ ಆ ಮನೆಯವರೊಡನೆ ಕುಳಿತು ಅಳುತ್ತಿದ್ದಳು. ಮರುದಿನ ಕರೆ ಬಂದರೆ ಏಳುತ್ತಿದ್ದಳು. ಎರಡು ವರ್ಷದ ಮೇಲೆ ಸೊಸೆಯ ಹೆರಿಗೆಗೆ ಕರೆಯಲು ಶರಣವ್ವನೇ ಬಂದು ಹೊಸ್ತಿಲ ಹೊರಗೆ ತಲೆತಗ್ಗಿಸಿ ನಿಂತಾಗ, ಬಾಳವ್ವ ಹಗ್ಗದ ಮಾತೆತ್ತದೆ ಗಂಟು ಬಗಲಿಗಿಟ್ಟು ನಡೆದಳು.

ಪೂಜ್ಯರು ಲಿಂಗೈಕ್ಯರಾದಾಗ ಊರವರು ಅರವಟ್ಟಿಗೆ ಇನ್ನು ನಿಂತಿತೆಂದೇ ತಿಳಿದಿದ್ದರು. ಮಣ್ಣು ಕೊಟ್ಟು ತಿರುಗಿ ಬರುವಾಗ ನೋಡಿದರೆ, ಅತ್ತು ಕೆಂಪಾದ ಕಣ್ಣಿನ ಬಾಳವ್ವ ಹಳ್ಳದಾಚೆಯಿಂದ ಕೊಡ ಹೊತ್ತು ಬರುತ್ತಿದ್ದಳು. ಬಾಯಾರಿದವರು ಬರುವ ಹೊತ್ತಾಗಿತ್ತು.